ಕೌದಿಯೊಳಗಿನ ನುಸಿ

ಜೋಳಕ್ಕೆ ನುಸಿ ಹತ್ತಿದರೆ ಅವ್ವ ಅಂದೇ ಚೀಲ ಸುರುವಿ ಬಿಸಿಲಿಗೆ ಹರವುತ್ತಾಳೆ. ತೆಂಗಿಗೆ ನುಸಿ ಬಿದ್ದರೆ ಊರಿಗೆ ಊರೇ ಮಾತನಾಡುತ್ತದೆ. ಹಾಸಿಗೆಯಲ್ಲಿಯೂ ಒಂದು ಜಾತಿಯ ನುಸಿ ಉಂಟೆಂದರೆ ಮಾತ್ರ ನಮ್ಮ ತುಳಸಿಗೇರಿಯಲ್ಲಿ ನಗುತ್ತಾರೆ. ಮೊದಲು ನಾನೂ ನಕ್ಕವನೇ.

ನನ್ನ ಆಯಿಗೆ ಬಹಳ ವರ್ಷಗಳಿಂದ ದಮ್ಮು. ಮಳೆಗಾಲ ಬಂತೆಂದರೆ ನಸುಕಿನಲ್ಲಿ ಎದ್ದು ಕುಳಿತು ಉಸಿರಿಗಾಗಿ ಒದ್ದಾಡುವಳು. ಮಜ್ಜಿಗೆ ಬಿಡಿಸಿದೆವು, ತಣ್ಣೀರು ಬಿಡಿಸಿದೆವು, ಊರ ಹಣಮಪ್ಪನಿಗೆ ಹರಕೆ ಹೊತ್ತೆವು. ಬಿಡಿಸದೆ ಉಳಿದದ್ದು ಅವಳ ಕೌದಿಯೊಂದೇ. ಹಳೆಯ ಇಲಕಲ್ ಸೀರೆಗಳನ್ನು ಪದರು ಪದರಾಗಿ ಇಟ್ಟು ಅವಳೇ ಹೊಲಿದದ್ದು. ವರುಷಕ್ಕೊಮ್ಮೆ ನೀರು ಕಂಡರೆ ಹೆಚ್ಚು.

ಈ ಧೂಳಿನ ನುಸಿ ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ್ದು. ಎಂಟು ಕಾಲು, ಗಾತ್ರ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲು. ಅದು ಕಚ್ಚದು, ರಕ್ತ ಹೀರದು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು, ಗಾಳಿಯ ತೇವವನ್ನೇ ಮೈಗೆ ಎಳೆದುಕೊಂಡು ಬದುಕುತ್ತದೆ. ಅದರ ಹಿಕ್ಕೆಯ ಪುಡಿ ಉಸಿರಿನೊಡನೆ ಒಳಹೊಕ್ಕಾಗ, ಒಗ್ಗದವರಿಗೆ ಸೀನು, ಕಣ್ಣುರಿ, ದಮ್ಮು ಕಾಣಿಸಿಕೊಳ್ಳುತ್ತವೆ. ಮನೆಯ ಧೂಳಿನ ತೊಂದರೆಗೆ ಈ ನುಸಿಯೇ ಮೂಲವೆಂದು 1964ರಲ್ಲಿ ಹಾಲೆಂಡಿನ ಲೈಡನ್ನಿನ ವೊರ್‌ಹಾರ್ಸ್ಟ್ ಮತ್ತು ಅವರ ಸಂಗಡಿಗರು ತೋರಿಸಿದರು. ನುಸಿಗಳನ್ನು ಅಭ್ಯಸಿಸುವ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನವೊಂದು 1986ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆದಿತ್ತು. ಆ ಸುದ್ದಿ ನಮ್ಮ ಓಣಿಯವರೆಗೆ ಬಂದಿಲ್ಲ, ಅಷ್ಟೇ.

ಮನೆಯಲ್ಲಿ ನುಸಿಯಿದ್ದರೆ ಹೆಂಗಸರು ಹೊಲಸರೆಂದು ಅರ್ಥವಲ್ಲ. ಎಂಥ ಶುಚಿಯಾದ ಮನೆಯಲ್ಲಿಯೂ ಅದು ಇರಬಲ್ಲುದು. ಈ ಮಾತನ್ನು ಒತ್ತಿ ಹೇಳಲು ಕಾರಣವುಂಟು. 60 ಡಿಗ್ರಿ ಬಿಸಿಯ ನೀರಿನಲ್ಲಿ ವಾರಕ್ಕೊಮ್ಮೆ ಹಾಸಿಗೆ ಹೊದಿಕೆಗಳನ್ನು ಒಗೆಯಬೇಕೆಂದು ಎಲ್ಲೋ ಓದಿದವನು, ರಜೆಗೆ ಹೋದಾಗ ಅವ್ವನಿಗೆ ಅದನ್ನೇ ಉಪದೇಶಿಸಿದೆ. ರೊಟ್ಟಿ ಬಡಿಯುತ್ತಿದ್ದ ಅವಳು ತಲೆ ಎತ್ತದೆ, "ಹೌದೇನಪಾ, ಹಂಗಾರ ನೀನಽ ಒಯ್ದು ಒಗಿ" ಎಂದಳು.

ಒಯ್ದೆ. ನೆನೆದ ಕೌದಿಯ ಭಾರ ಎಷ್ಟೆಂಬುದು ನನಗೆ ಅಂದು ತಿಳಿಯಿತು! ಹಿಂಡಲು ಇಬ್ಬರು ಬೇಕು. ಅದರಡಿ ಮಲಗುವವರು ಮನೆಯವರೆಲ್ಲ, ಒಗೆಯುವವಳು ಅವ್ವನೊಬ್ಬಳೇ. ಹೀಗಿರುವಾಗ ವರುಷಕ್ಕೊಮ್ಮೆ ಒಗೆದದ್ದೇ ದೊಡ್ಡದು. ಗಂಡಸರು ಕೈಹಚ್ಚದ ಹೊರತು ಈ ಆರೋಗ್ಯಸೂತ್ರಗಳೆಲ್ಲ ಅವಳ ಹೆಗಲಿಗೆ ಇನ್ನೊಂದು ಹೊರೆಯೇ ಸರಿ.

ಅಷ್ಟು ನೀರು ಕಾಯಿಸುವುದು ನಮ್ಮಿಂದಾಗದು. ತಣ್ಣೀರಿನಲ್ಲಿ ಒಗೆದರೂ ಹಿಕ್ಕೆಯ ಬಹುಪಾಲು ಕೊಚ್ಚಿಹೋಗುತ್ತದೆ. ಉಳಿದ ನುಸಿಗಳಿಗೆ ಬಾಗಲಕೋಟೆ ಸೀಮೆಯ ಒಣ ಬಿಸಿಲಿದೆ. ತೇವವಿಲ್ಲದೆ ಅವು ಬದುಕಲಾರವು. ಆದರೆ ಸತ್ತರೂ ಹಿಕ್ಕೆ ಉಳಿಯುವುದರಿಂದ ಬರಿಯ ಬಿಸಿಲು ಸಾಲದು, ಒಗೆಯಲೇಬೇಕು. ಕೌದಿಯನ್ನು ಮನೆಯೊಳಗೆ, ಅದೂ ದಮ್ಮಿನವರ ಮುಂದೆ, ಝಾಡಿಸುವುದಂತೂ ಕೂಡದು.

"ಬಿ.ಎ. ಓದಾಂವ ಕೌದಿ ಒಗ್ಯಾಕ ಹತ್ಯಾನ" ಎಂದು ಓಣಿಯವರು ನಕ್ಕರು. ಆಯಿಯ ದಮ್ಮು ಹೋಯಿತೆಂದು ನಾನು ಹೇಳಲಾರೆ. ಡಾಕ್ಟರು ಕೊಟ್ಟ ಎಳೆಯುವ ಔಷಧಿ ನಡೆದೇ ಇದೆ. ನಸುಕಿನಲ್ಲಿ ಎದ್ದು ಕೂಡುವುದು ಮಾತ್ರ ಕಡಿಮೆಯಾಗಿದೆ. ಇನ್ನೂ ಮೂರು ಕೌದಿ ಉಳಿದಿವೆ. ಯುಗಾದಿಯೊಳಗೆ ಒಗೆಯಬೇಕು, ಹಿಂಡಲು ತಮ್ಮನನ್ನು ಒಪ್ಪಿಸಿದ್ದೇನೆ.