ನರ್ಸ್ ಕೈಗೆ ತಡೆಯುವ ಅಧಿಕಾರ

ಐಸಿಯು ರೋಗಿಯ ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ತೊಡೆಸಂದಿನಲ್ಲೋ ಚುಚ್ಚಿ, ಹೃದಯಕ್ಕೆ ಹೋಗುವ ದೊಡ್ಡ ರಕ್ತನಾಳದವರೆಗೆ ತೂರಿಸುವ ತೆಳು ಕೊಳವೆಯೇ ಸೆಂಟ್ರಲ್ ಲೈನ್. ಬಿಪಿ ಕುಸಿದವರಿಗೆ ಕೊಡುವ ಪ್ರಬಲ ಔಷಧ, ಕೆಲವು ಬಗೆಯ ಕಿಮೊಥೆರಪಿ, ಬಾಯಲ್ಲಿ ಉಣ್ಣಲಾರದವರಿಗೆ ರಕ್ತದ ಮೂಲಕವೇ ಕೊಡುವ ಪೋಷಕಾಂಶ, ತುರ್ತು ಡಯಾಲಿಸಿಸ್ ಇವೆಲ್ಲ ಸಾಮಾನ್ಯವಾಗಿ ಮುಂಗೈಗೆ ಹಾಕಿದ ಸಣ್ಣ ಸೂಜಿಯಿಂದ ಆಗುವ ಕೆಲಸಗಳಲ್ಲ. ಲೈನ್ ಇಲ್ಲದೆ ಎಷ್ಟೋ ಜೀವ ಉಳಿಯುವುದಿಲ್ಲ. ಆದರೆ ಚರ್ಮದ ಕಾವಲನ್ನು ದಾಟಿ ನೇರವಾಗಿ ರಕ್ತಕ್ಕೆ ಇಳಿಯಲು ಸೂಕ್ಷ್ಮಜೀವಿಗಳಿಗೂ ಅದೇ ದಾರಿ.

ಅವು ಒಳಹೋಗುವುದು ಮುಖ್ಯವಾಗಿ ಎರಡು ಕಡೆಯಿಂದ. ಲೈನ್ ಹಾಕಿದ ಮೊದಲ ದಿನಗಳಲ್ಲಿ ಚರ್ಮದ ಮೇಲಿದ್ದವು ಕೊಳವೆಯ ಹೊರಮೈಗುಂಟ ಇಳಿಯುತ್ತವೆ. ದಿನ ಕಳೆದಂತೆ, ಸಿರಿಂಜ್ ಜೋಡಿಸುವ ಹಬ್ಬಿನ ಮೂಲಕ, ಅದನ್ನು ಮುಟ್ಟಿದವರ ಕೈಯಿಂದ ಒಳಮೈಗೆ ಸೇರುತ್ತವೆ. ಪ್ಲಾಸ್ಟಿಕ್ಕಿಗೆ ಅಂಟಿ ಲೋಳೆಯಂಥ ಪದರ ಕಟ್ಟಿಕೊಂಡ ಮೇಲೆ ಆ್ಯಂಟಿಬಯಾಟಿಕ್ ಅವನ್ನು ಸುಲಭವಾಗಿ ಕೊಲ್ಲಲಾರದು; ಬಹಳ ಸಲ ಲೈನನ್ನೇ ತೆಗೆಯಬೇಕಾಗುತ್ತದೆ.

ಐಸಿಯು ಅಂದಮೇಲೆ ಇದೆಲ್ಲ ಇದ್ದದ್ದೇ ಎಂದು ವೈದ್ಯಲೋಕ ಬಹುಕಾಲ ಒಪ್ಪಿಕೊಂಡಿತ್ತು. ಆ ನಂಬಿಕೆಯನ್ನು ಅಲುಗಾಡಿಸಿದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ. ಅಲ್ಲಿನ ಐಸಿಯು ತಜ್ಞ ಪೀಟರ್ ಪ್ರೊನೊವೊಸ್ಟ್ ಐದು ಹೆಜ್ಜೆಗಳ ಒಂದು ಪಟ್ಟಿ ಮಾಡಿದರು: ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಶುಚಿಗೊಳಿಸುವುದು, ಟೋಪಿ, ಮಾಸ್ಕ್, ಗೌನ್, ಗ್ಲೌಸ್ ಹಾಕಿಕೊಂಡು ರೋಗಿಯ ಇಡೀ ಮೈಗೆ ಸ್ಟೆರೈಲ್ ಬಟ್ಟೆ ಹೊದಿಸುವುದು, ಆದಷ್ಟೂ ತೊಡೆಸಂದಿಯನ್ನು ಬಿಡುವುದು, ಬೇಡವಾದ ಕೂಡಲೇ ಲೈನ್ ತೆಗೆಯುವುದು. ಇದರಲ್ಲಿ ವೈದ್ಯರಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಆದರೂ ನರ್ಸ್‌ಗಳು ಒಂದು ತಿಂಗಳು ಗಮನಿಸಿ ಬರೆದಿಟ್ಟಾಗ, ಮೂರನೇ ಒಂದು ಭಾಗಕ್ಕೂ ಹೆಚ್ಚು ರೋಗಿಗಳ ವಿಷಯದಲ್ಲಿ ಒಂದಾದರೂ ಹೆಜ್ಜೆ ತಪ್ಪಿಹೋಗಿತ್ತು.

ತಪ್ಪಿಗೆ ಕಾರಣ ಬರೀ ಅಸಡ್ಡೆಯಲ್ಲ. ಬೇಕಾದ ಸಾಮಾನುಗಳು ವಾರ್ಡಿನ ಬೇರೆ ಬೇರೆ ಮೂಲೆಗಳಲ್ಲಿದ್ದವು. ತುರ್ತಿನಲ್ಲಿದ್ದ ವೈದ್ಯರು ಸಿಕ್ಕಿದ್ದರಲ್ಲೇ ಕೆಲಸ ಮುಗಿಸುತ್ತಿದ್ದರು. ಎಲ್ಲವನ್ನೂ ಒಂದೇ ಗಾಡಿಯಲ್ಲಿ ಜೋಡಿಸಿಟ್ಟರು. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು: ಹೆಜ್ಜೆ ತಪ್ಪಿದರೆ ವೈದ್ಯರನ್ನು ಅಲ್ಲೇ ನಿಲ್ಲಿಸುವ ಅಧಿಕಾರವನ್ನು ಆಡಳಿತ ನರ್ಸ್‌ಗಳಿಗೆ ಕೊಟ್ಟಿತು, ಅವರ ಬೆನ್ನಿಗೆ ನಿಂತಿತು. ಅಲ್ಲಿನ ಸರ್ಜಿಕಲ್ ಐಸಿಯುನಲ್ಲಿ ಸಾವಿರ ಲೈನ್-ದಿನಗಳಿಗೆ (ಒಬ್ಬ ರೋಗಿಯಲ್ಲಿ ಲೈನ್ ಒಂದು ದಿನ ಇದ್ದರೆ ಅದು ಒಂದು ಲೈನ್-ದಿನ) 1998ರ ಆರಂಭದಲ್ಲಿ 11.3ರಷ್ಟಿದ್ದ ಸೋಂಕು 2002ರ ಕೊನೆಗೆ ಸೊನ್ನೆಗೆ ಬಂತು.

ಒಂದು ಹೆಸರಾಂತ ಆಸ್ಪತ್ರೆಯಲ್ಲಿ ಆದದ್ದು ಎಲ್ಲ ಕಡೆ ಆದೀತೇ ಎಂಬುದಕ್ಕೆ ಮಿಷಿಗನ್ ರಾಜ್ಯ ಉತ್ತರ ಕೊಟ್ಟಿತು. ಇದೇ ಕ್ರಮವನ್ನು ಅಲ್ಲಿನ ಐಸಿಯುಗಳಿಗೆ ಒಯ್ಯಲು 2003ರಲ್ಲಿ ಶುರುವಾದ ಕೀಸ್ಟೋನ್ ಯೋಜನೆಯ ಫಲಿತಾಂಶ 2006ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. 103 ಐಸಿಯುಗಳ ಲೆಕ್ಕದಲ್ಲಿ ಸರಾಸರಿ ಸೋಂಕು ಸಾವಿರ ಲೈನ್-ದಿನಗಳಿಗೆ 7.7 ಇದ್ದದ್ದು ಒಂದೂವರೆ ವರ್ಷದೊಳಗೆ 1.4ಕ್ಕೆ ಇಳಿದಿತ್ತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ.

ಈ ಯಶಸ್ಸನ್ನು ಬರೀ ಹಾಳೆಯ ಮಹಿಮೆ ಎಂದುಕೊಂಡವರಿಗೆ ಇಂಗ್ಲೆಂಡಿನ ಅನುಭವ ಪಾಠವಾಗಬೇಕು. 2009ರಿಂದ ಅಲ್ಲಿ ‘ಮ್ಯಾಚಿಂಗ್ ಮಿಷಿಗನ್’ ಹೆಸರಿನಲ್ಲಿ ಇದೇ ಕ್ರಮ ಜಾರಿಗೆ ಬಂತು. ಸೋಂಕೇನೋ ಇಳಿಯಿತು, ಆದರೆ ಇನ್ನೂ ಯೋಜನೆಗೆ ಸೇರದ ಐಸಿಯುಗಳಲ್ಲೂ ಹಾಗೇ ಇಳಿಯುತ್ತಿತ್ತು. ಮಿಷಿಗನ್‌ನಲ್ಲಿ ಕೆಲಸ ಮಾಡಿದ್ದು ಪಟ್ಟಿಯ ಸುತ್ತ ಕಟ್ಟಿದ ವ್ಯವಸ್ಥೆ: ತಿಂಗಳು ತಿಂಗಳು ತಮ್ಮದೇ ಅಂಕಿ ನೋಡುವುದು, ಆಸ್ಪತ್ರೆಗಳು ಒಂದನ್ನೊಂದು ನೋಡಿ ಕಲಿಯುವುದು, ನರ್ಸ್ ಮಾತಿಗೆ ಬೆಲೆ ಬರುವುದು.

ಭಾರತದ ಐಸಿಯುಗಳಲ್ಲಿ ಸಮಸ್ಯೆಗೆ ಇನ್ನೊಂದು ಮುಖವಿದೆ. ಇಲ್ಲಿ ಈ ಸೋಂಕಿನ ಹಿಂದೆ ಹೆಚ್ಚಾಗಿ ಕಾಣುವುದು ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ. ಅವುಗಳಲ್ಲಿ ಬಹಳಷ್ಟು ಕಾರ್ಬಪೆನೆಮ್‌ನಂಥ ಪ್ರಬಲ ಔಷಧಕ್ಕೂ ಜಗ್ಗುವುದಿಲ್ಲ. ಗುಣಪಡಿಸುವ ದಾರಿ ಕಿರಿದಾದಷ್ಟೂ ತಡೆಯುವ ಕೆಲಸದ ತೂಕ ಹೆಚ್ಚು. ಅದು ಲೈನ್ ಹಾಕುವ ಗಳಿಗೆಗೆ ಮುಗಿಯುವುದೂ ಇಲ್ಲ. ಗಟ್ಟಿ ಪ್ಲಾಸ್ಟಿಕ್ ಬಾಟಲಿಯಿಂದ ಸಲೈನ್ ಸರಾಗ ಇಳಿಯಲೆಂದು ಮೇಲೆ ಒಂದು ಸೂಜಿ ಚುಚ್ಚಿ ಗಾಳಿ ಬಿಡುವ ರೂಢಿ ನಮ್ಮ ವಾರ್ಡುಗಳಲ್ಲಿ ಕಂಡವರಿಗೆಲ್ಲ ಗೊತ್ತು. ವಾರ್ಡಿನ ಗಾಳಿ ಆ ಸೂಜಿಯಿಂದಲೇ ದ್ರವಕ್ಕೆ ಸೇರುತ್ತದೆ. ತಾನೇ ಕುಗ್ಗುತ್ತಾ ಹೋಗುವ ಮೆತ್ತನೆಯ ಚೀಲಕ್ಕೆ ಈ ಸೂಜಿ ಬೇಕಿಲ್ಲ.

ಇನ್ನು ಹಬ್ಬಿನ ಮಾತು. ಪ್ರತಿ ಸಲ ಔಷಧ ಕೊಡುವ ಮುನ್ನ ಅದನ್ನು ಸ್ಪಿರಿಟ್ ಸ್ವಾಬ್‌ನಿಂದ ಹದಿನೈದು ಸೆಕೆಂಡು ಗಟ್ಟಿಯಾಗಿ ಉಜ್ಜಿ, ಆರಲು ಬಿಡಬೇಕು. ಒಬ್ಬ ರೋಗಿಯ ಲೈನನ್ನು ದಿನಕ್ಕೆ ಇಪ್ಪತ್ತು ಸಲ ಮುಟ್ಟುವುದಾದರೆ ಉಜ್ಜುವುದಕ್ಕೇ ಐದು ನಿಮಿಷ. ನಾಲ್ಕು ಹಾಸಿಗೆಗೆ ಇಪ್ಪತ್ತು. ಅದರ ಮೇಲೆ ಪ್ರತಿ ಸಲ ಕೈ ಶುಚಿ. ಲೈನ್ ಚುಚ್ಚಿದ ಜಾಗದ ಮೇಲೆ ಪಾರದರ್ಶಕ ಡ್ರೆಸ್ಸಿಂಗ್ ಆದರೆ ವಾರಕ್ಕೊಮ್ಮೆ, ಗಾಜ್ ಆದರೆ ಎರಡು ದಿನಕ್ಕೊಮ್ಮೆ, ಒದ್ದೆಯಾದರೆ ಆಗಲೇ ಬದಲಿಸಬೇಕು. ಒಬ್ಬ ನರ್ಸ್‌ಗೆ ಹಾಸಿಗೆಗಳ ಮೇಲೆ ಹಾಸಿಗೆ ಹೇರಿ ಈ ಶುಚಿತ್ವವನ್ನು ನಿರೀಕ್ಷಿಸುವುದು ಅನ್ಯಾಯ.

ಲೈನ್-ದಿನಗಳನ್ನು ಎಣಿಸದ ಆಸ್ಪತ್ರೆಗೆ ತನ್ನ ಸೋಂಕಿನ ಪ್ರಮಾಣ ಎಷ್ಟೆಂಬುದೇ ಗೊತ್ತಿರುವುದಿಲ್ಲ. ಆದ್ದರಿಂದ ಎಣಿಕೆ ಮೊದಲಾಗಬೇಕು, ಅಂಕಿ ಐಸಿಯು ಗೋಡೆಯ ಮೇಲೆ ಕಾಣಬೇಕು. ದಿನದ ರೌಂಡ್ಸ್‌ನಲ್ಲಿ ‘ಈ ಲೈನ್ ಇವತ್ತೂ ಬೇಕೆ?’ ಎಂದು ಕೇಳದೆ ಯಾವ ಹಾಸಿಗೆಯನ್ನೂ ದಾಟಬಾರದು. ‘ಸರ್, ಗೌನ್ ಹಾಕಿಲ್ಲ, ನಿಲ್ಲಿಸಿ’ ಎಂದು ಹಿರಿಯ ವೈದ್ಯರಿಗೆ ಹೇಳಿದ ಕಿರಿಯ ನರ್ಸ್‌ಗೆ ಮಾರನೆಯ ದಿನ ಕಿರುಕುಳ ಆಗದಂತೆ ನೋಡಿಕೊಳ್ಳುವ ಹೊಣೆ ಆಡಳಿತದ್ದು. ಆ ಅಧಿಕಾರವನ್ನು ಬಾಯಿಮಾತಿನಲ್ಲಿ ಅಲ್ಲ, ಲಿಖಿತ ಆದೇಶದಲ್ಲಿ ಕೊಡಿ ಎಂಬುದು ಆಸ್ಪತ್ರೆ ನಡೆಸುವವರಲ್ಲಿ ವಿನಂತಿ.