ಹ್ಯಾಂಗ್ ಆದ ಕೂಡಲೇ ರೀಸೆಟ್ ಒತ್ತಬೇಡಿ

ಲ್ಯಾಬಿನಲ್ಲಿ ಬೋರ್ಡ್ ಹ್ಯಾಂಗ್ ಆದ ತಕ್ಷಣ ನಾವೆಲ್ಲ ಮಾಡೋದು ಒಂದೇ ಕೆಲಸ, ರೀಸೆಟ್ ಒತ್ತೋದು. ಅದಕ್ಕೂ ಬಗ್ಗದಿದ್ದರೆ ಯುಎಸ್‌ಬಿ ಕಿತ್ತು ಮತ್ತೆ ಚುಚ್ಚೋದು. ಓಡ್ತಾ? ಸರಿ, ಟೀ ಕುಡಿಯೋಕೆ ಹೋಗೋಣ. ಈ ಚಾಳಿ ಬಿಡಬೇಕು ಅನ್ನೋದು ನಮ್ಮ ವಾದ. ಮೂರು ವಾರ ಹಾಳು ಮಾಡಿಕೊಂಡ ಮೇಲೆ ಹುಟ್ಟಿದ ವಾದ ಇದು.

ನಮ್ಮ ಪ್ರಾಜೆಕ್ಟ್ ಅಡಿಕೆ ಡ್ರೈಯರ್‌ನ ಸಣ್ಣ ಮಾಡೆಲ್. ಒಂದು ಆರ್ಡುಯಿನೋ ಊನೋ, ಶಾಖ ಮತ್ತು ತೇವಾಂಶಕ್ಕೆ ಎಸ್‌ಎಚ್‌ಟಿ31, ಸಮಯಕ್ಕೆ ಡಿಎಸ್3231, ಫ್ಯಾನಿನ ಅದುರಾಟ ನೋಡೋಕೆ ಎಂಪಿಯು6050, ಜೊತೆಗೊಂದು ಓಎಲ್‌ಇಡಿ. ನಾಲ್ಕೂ ಐ2ಸಿಯ ಎರಡೇ ತಂತಿಗಳ ಮೇಲೆ. ಮೊದಲ ದಿನವೇ ಗಡಿಯಾರ ಮತ್ತು ಎಂಪಿಯು ಎರಡರ ವಿಳಾಸವೂ ಹೆಕ್ಸ್ 68 ಅಂತ ಗೊತ್ತಾಯ್ತು. ಎಂಪಿಯುವಿನ ಎಡಿ0 ಪಿನ್ ಹೈ ಮಾಡಿ 69ಕ್ಕೆ ಸರಿಸಿದ್ವಿ. ಅದೇನೂ ದೊಡ್ಡ ತಲೆನೋವಲ್ಲ. ಪ್ರತಿ ಸಲವೂ ಕೆಡುವಂಥದ್ದನ್ನು ಹುಡುಕೋದು ಸುಲಭ.

ಕಾಡಿದ್ದು ಇನ್ನೊಂದು. ಒಮ್ಮೆ ಇಪ್ಪತ್ತು ನಿಮಿಷಕ್ಕೆ, ಒಮ್ಮೆ ಮೂರು ಗಂಟೆಗೆ, ಡಿಸ್‌ಪ್ಲೇ ಹಾಗೇ ನಿಂತುಬಿಡೋದು. ಕೋಡಿನಲ್ಲಿ ಅಲ್ಲಲ್ಲಿ ಡಿಲೇ ತುರುಕಿದ್ವಿ. ಎಸ್.ಪಿ. ರೋಡಿನಿಂದ ಹೊಸ ಊನೋ ತಂದ್ವಿ. ಬೆಸುಗೆ ಹಾಕಿದ ಗೆಳೆಯನ ಮೇಲೆ ರೇಗಿ, ಅವನ ಕೈಲಿ ಮೂರು ಸಲ ಬಿಚ್ಚಿಸಿ ಮತ್ತೆ ಬೆಸುಗೆ ಹಾಕಿಸಿದ್ವಿ. ಕೊನೆಗೆ ಸೀನಿಯರ್ ಒಬ್ಬರ ಸಲಹೆಯಂತೆ ವಾಚ್‌ಡಾಗ್ ಹಾಕಿದ್ವಿ. ಆಮೇಲೆ ಬೋರ್ಡ್ ಹ್ಯಾಂಗ್ ಆಗೋದಲ್ಲ, ಸುಮ್ಮನೆ ರೀಸೆಟ್ ಆಗ್ತಾ ಆಗ್ತಾ ಕೂರತೊಡಗಿತು!

ಇಷ್ಟೂ ದಿನ ಒಂದು ಸುಳಿವು ಕಣ್ಣೆದುರೇ ಇತ್ತು. ರೀಸೆಟ್ ಒತ್ತಿದರೆ ಸರಿಹೋಗ್ತಿರಲಿಲ್ಲ, ಯುಎಸ್‌ಬಿ ಕಿತ್ತರೆ ಸರಿಹೋಗ್ತಿತ್ತು. ಯಾಕೆ ಅಂತ ಯಾರೂ ಕೇಳಿಕೊಳ್ಳಲಿಲ್ಲ. ರೀಸೆಟ್ ಗುಂಡಿ ಮೈಕ್ರೋಕಂಟ್ರೋಲರನ್ನು ಮಾತ್ರ ಮೊದಲಿಗೆ ತರುತ್ತೆ. ಸೆನ್ಸರ್‌ಗಳ ಕರೆಂಟ್ ಹೋಗೋದೇ ಇಲ್ಲ, ಅವಕ್ಕೆ ಏನಾಯ್ತೂಂತಲೂ ಗೊತ್ತಾಗಲ್ಲ. ಅಂದರೆ ಸಿಕ್ಕಿಬಿದ್ದದ್ದು ಊನೋ ಅಲ್ಲ, ತಂತಿಯ ಆ ತುದಿಯಲ್ಲಿದ್ದ ಯಾವುದೋ ಸೆನ್ಸರ್. ವಾಚ್‌ಡಾಗ್ ಮಾಡಿದ್ದೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸವನ್ನೇ.

ಮುಂದಿನ ಸಲ ನಿಂತಾಗ ಯಾರೂ ಏನನ್ನೂ ಮುಟ್ಟಲಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದ್ವಿ. ಕ್ಲಾಕ್ ತಂತಿ ಎಸ್‌ಸಿಎಲ್ ಹೈ ಇದೆ, ಡೇಟಾ ತಂತಿ ಎಸ್‌ಡಿಎ ಸೊನ್ನೆಗೆ ಅಂಟಿಕೊಂಡಿದೆ. ಐ2ಸಿಯಲ್ಲಿ ಯಾರೂ ತಂತಿಯನ್ನು ಮೇಲೆ ತಳ್ಳೋದಿಲ್ಲ, ಕೆಳಗೆ ಎಳೆಯಬಹುದು ಅಷ್ಟೇ. ಮೇಲೆ ತರೋದು ಪುಲ್‌ಅಪ್ ರೆಸಿಸ್ಟರ್. ಹಾಗಾಗಿ ಒಬ್ಬ ಎಳೆದು ಹಿಡಿದರೆ ಎಲ್ಲರ ಮಾತೂ ಬಂದ್. ಒಂದೊಂದೇ ಸೆನ್ಸರಿನ ಎಸ್‌ಡಿಎ ತಂತಿ ಕೀಳುತ್ತಾ ಹೋದ್ವಿ. ಎಸ್‌ಎಚ್‌ಟಿ31ರದ್ದು ಕಿತ್ತ ಕೂಡಲೇ ಮೀಟರ್ ಮೇಲಕ್ಕೆ ಜಿಗಿಯಿತು. ಹತ್ತು ನಿಮಿಷದ ಕೆಲಸ.

ನಡೆದದ್ದು ಇಷ್ಟು. ಫಿಲಿಪ್ಸ್ ಕಂಪನಿ 1982ರಲ್ಲಿ ಐ2ಸಿ ರೂಪಿಸಿದ್ದು ಒಂದೇ ಬೋರ್ಡಿನ ಮೇಲಿರುವ ಚಿಪ್‌ಗಳು ಮಾತಾಡಲಿ ಅಂತ. ನಾವೋ ಎರಡು ಮೀಟರ್ ತಂತಿ ಎಳೆದು, ಅದನ್ನು ಫ್ಯಾನಿನ ವೈರಿನ ಜೊತೆಗೇ ಕಟ್ಟಿದ್ವಿ. ರಿಲೇ ಫ್ಯಾನನ್ನು ಆಫ್ ಮಾಡುವಾಗ ಬರುವ ಸ್ಪೈಕ್ ಕೆಲವೊಮ್ಮೆ ಎಸ್‌ಸಿಎಲ್ ಮೇಲೆ ಸುಳ್ಳು ಕ್ಲಾಕ್ ಆಗಿ ಕಾಣುತ್ತಿತ್ತು. ಸೆನ್ಸರಿನ ಲೆಕ್ಕ ತಪ್ಪಿ, ಸೊನ್ನೆ ಬಿಟ್ ಹಿಡಿದುಕೊಂಡು ಮುಂದಿನ ಕ್ಲಾಕ್‌ಗೆ ಕಾಯ್ತಾ ಕೂತಿದೆ. ಇತ್ತ ಊನೋ ಬಸ್ ಖಾಲಿಯಾಗಲಿ ಅಂತ ಕಾಯ್ತಿದೆ. ಇಬ್ಬರೂ ಸಭ್ಯರು, ಇಬ್ಬರೂ ಅಲ್ಲಾಡಲ್ಲ. ಆರ್ಡುಯಿನೋದ ವೈರ್ ಲೈಬ್ರರಿಗೆ ಟೈಮ್‌ಔಟ್ ಸೌಲಭ್ಯ ಬಂದದ್ದೇ 2020ರಲ್ಲಿ, ಊನೋದಲ್ಲಿ ಅದನ್ನೂ ನಾವೇ ಆನ್ ಮಾಡಬೇಕು.

ಟೈಮ್‌ಔಟ್ ಆದಾಗ ಎಸ್‌ಸಿಎಲ್ ಮೇಲೆ ಒಂಬತ್ತು ಪಲ್ಸ್ ಕೊಟ್ಟು, ಆಮೇಲೊಂದು ಸ್ಟಾಪ್ ಕಳಿಸಿದ್ವಿ. ಎಂಟು ಬಿಟ್, ಒಂದು ಆಕ್. ಆಕ್ ಜಾಗದಲ್ಲಿ ಈ ಕಡೆಯಿಂದ ಯಾರೂ ಹ್ಞೂಂಗುಟ್ಟದಿದ್ದರೆ ಸೆನ್ಸರ್ ತಾನಾಗಿಯೇ ತಂತಿ ಬಿಡುತ್ತೆ. ಜೊತೆಗೆ ಕೇಬಲ್ ಮೊಟಕು ಮಾಡಿ ಬೇರೆ ದಾರಿಯಲ್ಲಿ ಎಳೆದು, 12 ವೋಲ್ಟ್ ಫ್ಯಾನಿಗೆ ಅಡ್ಡಲಾಗಿ ಡಯೋಡ್ ಹಾಕಿದ್ವಿ. ಕಾಲು ಭಾಗ ರಿಪೇರಿ ಕೋಡಿನದು, ಮುಕ್ಕಾಲು ತಂತಿಯದು.

ಡಿಲೇ ಹೆಚ್ಚಿಸಿ, ವಾಚ್‌ಡಾಗ್ ಹಾಕಿ, ಡೆಮೋ ದಿನ ಹೇಗೋ ದಾಟಿಸಿದ ಪ್ರಾಜೆಕ್ಟ್‌ಗಳು ನಮ್ಮ ಕ್ಯಾಂಪಸ್ಸಿನಲ್ಲಿ ಎಷ್ಟಿವೆ ಅಂತ ನಿಮಗೂ ಗೊತ್ತು. ತಪ್ಪು ನಮ್ಮದೊಂದೇ ಅಲ್ಲ. ಡೆಮೋ ಓಡಿದರೆ ಮಾರ್ಕ್ಸ್. ಯಾಕೆ ನಿಂತಿತ್ತು ಅಂತ ಪತ್ತೆ ಮಾಡಿದವರಿಗೆ ಒಂದಂಕವೂ ಇಲ್ಲ. ಲ್ಯಾಬಿನ ಆಸಿಲೋಸ್ಕೋಪಿನಲ್ಲಿ ನಾವು ಸೈನ್ ವೇವ್ ಬಿಟ್ಟು ಬೇರೇನನ್ನೂ ನೋಡಿಲ್ಲ. ಎರಡನೇ ವರ್ಷದಲ್ಲೇ ಒಂದು ಪ್ರಯೋಗ ಇಡಲಿ: ಬೇಕಂತಲೇ ಕೆಡಿಸಿದ ಬಸ್ ಕೊಟ್ಟು, ಎಸ್‌ಡಿಎಯನ್ನು ಯಾರು ಹಿಡಿದಿದ್ದಾರೆ ಹುಡುಕಿ ಅನ್ನಲಿ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಸೋತ ದಿನಗಳಿಗೆ ಎರಡು ಪುಟ ಇರಲಿ, ಅದಕ್ಕೂ ವೈವಾದಲ್ಲಿ ಪ್ರಶ್ನೆ ಬರಲಿ.

ನಾವಂತೂ ಟೈಮ್‌ಔಟ್ ಎಷ್ಟು ಸಲ ಆಯ್ತು ಅನ್ನೋ ಲೆಕ್ಕವನ್ನು ಓಎಲ್‌ಇಡಿಯ ಮೂಲೆಯಲ್ಲೇ ತೋರಿಸಿದ್ವಿ. ಡೆಮೋ ದಿನ ಅಲ್ಲಿ 2 ಅಂತ ಇತ್ತು. ಮುಚ್ಚಿಡೋಣ ಅಂತ ಒಬ್ಬ ಹೇಳಿದ, ಬೇಡ ಅಂದ್ವಿ. ಅಂದಹಾಗೆ, ಬೆಸುಗೆ ಹಾಕಿದ ಗೆಳೆಯನಿಗೆ ಹಾಸ್ಟೆಲ್ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿ ಸಾರಿ ಕೇಳಿದ್ದೂ ಆಯ್ತು. ಅವನ ಬೆಸುಗೆ ಮೊದಲ ದಿನದಿಂದಲೂ ಸರಿಯಾಗೇ ಇತ್ತು.