ಹುಲ್ಲಿಗೆ ಬರುವ ಬಾಡಿಗೆ

ರಾತ್ರಿ ಊಟ ಮುಗಿದ ಮೇಲೆ ಯಾರೂ ಒಬ್ಬರೇ ಡೇರೆಗೆ ಹೋಗುವಂತಿಲ್ಲ. ಶುಕ ಎಂಬ ಕೆಂಪು ಹೊದಿಕೆ ಹೊದ್ದ ಕಾವಲುಗಾರ ಟಾರ್ಚು, ಈಟಿ ಹಿಡಿದು ಮುಂದೆ ನಡೆಯುತ್ತಾನೆ, ನಾವು ಅವನ ಹಿಂದೆ. ಬಿಡಾರಕ್ಕೆ ಬೇಲಿಯೇ ಇಲ್ಲ. ಕೀನ್ಯದ ಮಸಾಯಿ ಮಾರಾಕ್ಕೆ ಅಂಟಿಕೊಂಡಿರುವ ನಬೋಯಿಶೊದಲ್ಲಿ ಮೂರು ರಾತ್ರಿ ಹೀಗೆ ನಡೆದೆ. ನೈರೋಬಿಯಲ್ಲಿ ಕೆಲಸದಲ್ಲಿರುವ ಮಗಳು ನನಗೆ ಅರವತ್ತು ತುಂಬಿತೆಂದು ಕರೆದುಕೊಂಡು ಹೋಗಿದ್ದಳು. ಡೇರೆ ಎಂಬುದು ಹೆಸರಿಗೆ ಮಾತ್ರ. ಮರದ ಹಲಗೆಯ ಜಗಲಿ, ದೊಡ್ಡ ಮಂಚ, ಮಲಗುವ ಹೊತ್ತಿಗೆ ಹಾಸಿಗೆಯೊಳಗೆ ಬಿಸಿನೀರಿನ ಚೀಲ. ಒಂದು ರಾತ್ರಿಯ ದರ ನನ್ನ ತಿಂಗಳ ಪಿಂಚಣಿಗಿಂತ ಹೆಚ್ಚೆಂದು ತಿಳಿದಾಗ ಸಂಕಟವಾಯಿತು. ಇಷ್ಟು ಹಣ ಯಾರ ಕೈ ಸೇರುತ್ತದೆ ಎಂದು ಕೇಳಬೇಕೆನಿಸಿದ್ದು ಆಗಲೇ.

ಬೆಳಗ್ಗೆ ಐದೂವರೆಗೆ ಕಾಫಿ ಕುಡಿದು ತೆರೆದ ಜೀಪು ಹತ್ತಿದೆವು. ದಾರಿಯುದ್ದಕ್ಕೂ ಲೆಲೆಶ್ವಾ ಎಂಬ ಬೂದು ಎಲೆಯ ಗಿಡದ ಕರ್ಪೂರದಂಥ ವಾಸನೆ. ಮರಿಗಳೊಂದಿಗೆ ಮಲಗಿದ್ದ ಸಿಂಹಿಣಿಯೊಂದು ಸಿಕ್ಕಿತು. ಅದರ ಬಳಿ ನಮ್ಮದು ಬಿಟ್ಟರೆ ಇನ್ನೊಂದೇ ಜೀಪು ಇದ್ದದ್ದು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಗೈಡ್ ಹುಡುಗ ಆಡಿದ ಮಾತು. ದೂರದ ಇಳಿಜಾರಿನತ್ತ ಕೈ ತೋರಿಸಿ, 'ಮಾಮಾ, ಅದು ನಮ್ಮಪ್ಪನ ಜಮೀನು' ಎಂದ. ಸ್ವಾಹಿಲಿಯಲ್ಲಿ ಮಾಮಾ ಎಂದರೆ ತಾಯಿ. ಅಲ್ಲಿ ಮನೆಯಿಲ್ಲ, ಬೆಳೆಯಿಲ್ಲ, ಬರೀ ಹುಲ್ಲು, ಹುಲ್ಲಿನಲ್ಲಿ ಜೀಬ್ರಾಗಳು. ಆ ಹುಲ್ಲಿಗೆ ತಿಂಗಳು ತಿಂಗಳೂ ಬಾಡಿಗೆ ಬರುತ್ತದೆ, ನೇರ ಅವನ ಅಪ್ಪನ ಬ್ಯಾಂಕ್ ಖಾತೆಗೆ.

ಮಸಾಯಿ ಮಾರಾ ಎಂದು ನಾವು ಟೀವಿಯಲ್ಲಿ ನೋಡುವ ಮೀಸಲು ಪ್ರದೇಶ ಸುಮಾರು 1,510 ಚದರ ಕಿಲೋಮೀಟರು. ಅದು ನರೋಕ್ ಕೌಂಟಿ ಸರ್ಕಾರದ್ದು. ಅದರಾಚೆಗಿನ ಹುಲ್ಲುಗಾವಲು ಮಸಾಯಿ ಜನರದ್ದು. ಮೊದಲು ಅದು ಗುಂಪಿನ ಸ್ವತ್ತಾಗಿತ್ತು, ಆಮೇಲೆ ಮನೆಮನೆಗೆ ಪಾಲಾಯಿತು. ಪಾಲಾದ ನೆಲಕ್ಕೆ ತಂತಿಬೇಲಿ ಬಿದ್ದರೆ ವಲಸೆ ಹೋಗುವ ವಿಲ್ಡೆಬೀಸ್ಟ್ ಹಿಂಡುಗಳ ದಾರಿ ಮುಚ್ಚಿಹೋಗುತ್ತದೆ, ಕೆಲವೆಡೆ ಹಾಗೆ ಆಗಿಯೂ ಇದೆ. ನಬೋಯಿಶೊದಲ್ಲಿ ಮಾತ್ರ 2010ರ ಸುಮಾರಿಗೆ ಐನೂರಕ್ಕೂ ಹೆಚ್ಚು ಕುಟುಂಬಗಳು ಸೇರಿ ಹತ್ತಿರ ಹತ್ತಿರ 50,000 ಎಕರೆಯನ್ನು ಬೇಲಿ ಹಾಕದೆ ಒಟ್ಟುಗೂಡಿಸಿದವು. ನಬೋಯಿಶೊ ಎಂಬ ಮಾತಿಗೆ ಮಸಾಯಿಗಳ ಮಾ ಭಾಷೆಯಲ್ಲಿ ಒಂದಾಗುವುದು ಎಂಬರ್ಥ. ಬಿಡಾರ ನಡೆಸುವವರು ಈ ಕುಟುಂಬಗಳಿಗೆ ಬಾಡಿಗೆ ಕೊಡಬೇಕು, ಹಾಸಿಗೆಗಳ ಸಂಖ್ಯೆಯನ್ನೂ ಮಿತಿಯಲ್ಲಿಡಬೇಕು. ನಮ್ಮ ಗೈಡ್ ಓದಿದ ಕೊಯಾಕಿ ಗೈಡ್ ಶಾಲೆಯೂ ಇದೇ ನೆಲದಲ್ಲಿದೆ.

ಎಲ್ಲವೂ ಸರಿಯಿದೆ ಎಂದು ನಾನು ಹೇಳಲಾರೆ. ನೆಲ ಪಾಲಾದಾಗ ಹಕ್ಕುಪತ್ರ ಹೆಚ್ಚಾಗಿ ಗಂಡಸರ ಹೆಸರಿಗೇ ಆಯಿತು, ಬಾಡಿಗೆಯೂ ಅವರಿಗೇ ಹೋಗುತ್ತದೆ. ದನ ಎಲ್ಲಿ ಮೇಯಬೇಕು, ಯಾವಾಗ ಮೇಯಬೇಕು ಎಂಬುದಕ್ಕೂ ಕಟ್ಟುಪಾಡು ಬಂದಿದೆ, ದನವೇ ಬದುಕಾಗಿರುವ ಜನಕ್ಕೆ ಇದು ಸಣ್ಣ ಮಾತಲ್ಲ. 2020ರಲ್ಲಿ ಪ್ರವಾಸಿಗರು ಬರುವುದು ನಿಂತಾಗ ಬಾಡಿಗೆಗೂ ಪೆಟ್ಟು ಬಿತ್ತು. ಮೀಸಲು ಪ್ರದೇಶದೊಳಗಂತೂ 2025ರಲ್ಲಿ ತೆರೆದ ಐಷಾರಾಮಿ ಬಿಡಾರವೊಂದು ವಿಲ್ಡೆಬೀಸ್ಟ್‌ಗಳ ದಾರಿಗೆ ಅಡ್ಡವಾಗಿದೆ ಎಂದು ಮಸಾಯಿ ಮುಖಂಡರೊಬ್ಬರು ನ್ಯಾಯಾಲಯಕ್ಕೆ ಹೋದರು. ಇಷ್ಟಾದರೂ, ತನ್ನ ನೆಲದಲ್ಲಿ ಪರದೇಶಿಯೊಬ್ಬ ಮಲಗಿದ್ದಕ್ಕೆ ಹಣ ಕೇಳುವ ಹಕ್ಕು ನಮ್ಮ ಗೈಡ್ ಹುಡುಗನ ಅಪ್ಪನಿಗಿದೆ. ಅಪ್ಪ ಆ ದುಡ್ಡಿನಲ್ಲೇ ತಂಗಿಯರ ಶಾಲೆಯ ಫೀಸು ಕಟ್ಟುತ್ತಾನೆಂದು ಹುಡುಗ ಹೇಳಿದ.

ಎರಡನೇ ದಿನ ಅವನೇ ನನ್ನನ್ನು ಕೇಳಿದ, ನಿಮ್ಮ ಊರಲ್ಲಿ ಆನೆ ಇದೆಯಾ ಎಂದು. ಇದೆ ಎಂದೆ. ನಮ್ಮ ತಾಯಿಯ ತವರು ಹೆಗ್ಗಡದೇವನಕೋಟೆ ತಾಲ್ಲೂಕಿನದು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಅಜ್ಜನ ಗದ್ದೆ ನೀರಿನೊಳಗೆ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ನೆಲದಲ್ಲಿ ಹುಲ್ಲು ಚಿಗುರುತ್ತದೆ, ಮೇಯಲು ಆನೆ ಹಿಂಡುಗಳು ಬರುತ್ತವೆ, ಅದನ್ನು ನೋಡಲೆಂದೇ ಜನ ದಡದ ರೆಸಾರ್ಟುಗಳಲ್ಲಿ ಬಂದು ಇಳಿಯುತ್ತಾರೆ. ಇಷ್ಟನ್ನೂ ಕೇಳಿಸಿಕೊಂಡು ಹುಡುಗ, 'ಹಾಗಾದರೆ ನಿಮ್ಮಮ್ಮನಿಗೆ ಬಾಡಿಗೆ ಎಷ್ಟು ಬರುತ್ತದೆ?' ಎಂದ.

ಬಾಡಿಗೆ ಎಲ್ಲಿಯದು, ಅಜ್ಜನಿಗೆ ಒಂದು ಸಲ ಪರಿಹಾರ ಬಂತು, ಅಷ್ಟೇ. ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದ ಜೇನುಕುರುಬರ ಹೆಸರಿಗೆ ಪಹಣಿಯೇ ಇರಲಿಲ್ಲ, ಅವರಿಗೆ ಅದೂ ಇಲ್ಲ. ಪಕ್ಕದ ನಾಗರಹೊಳೆಯ ಮೂರ್ಕಲ್‌ನಲ್ಲಿ ಖಾಸಗಿ ಹೋಟೆಲಿಗೆ ಕಾಡಿನ ಜಾಗ ಕೊಟ್ಟಾಗ ಆದಿವಾಸಿಗಳೇ ಎದ್ದು ನಿಂತರು, 1997ರಲ್ಲಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಕಾಡೊಳಗಿನ ಆ ಹೋಟೆಲಿನ ಯೋಜನೆ ನಿಂತುಹೋಯಿತು. ಕಾಡಂಚಿನ ಹೋಟೆಲುಗಳ ಆದಾಯದಲ್ಲಿ ಹಾಡಿಗಳಲ್ಲಿರುವ ಆದಿವಾಸಿಗಳಿಗೆ ಏನು ಸಿಗಬೇಕು ಎಂಬುದು ಮಾತ್ರ ಹಾಗೇ ಉಳಿಯಿತು. ಹುಲಿ ಸಂರಕ್ಷಿತ ಪ್ರದೇಶಗಳ ಪ್ರವಾಸೋದ್ಯಮದಿಂದ ಶುಲ್ಕ ಪಡೆದು ಸ್ಥಳೀಯರ ಏಳಿಗೆಗೆ ಬಳಸಬೇಕೆಂದು 2012ರ ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ.

ಹಾಗಿದ್ದ ಮೇಲೆ ನಮ್ಮ ಸರ್ಕಾರ ಇಷ್ಟನ್ನು ಮಾಡಲಿ. ಕಬಿನಿ, ಬಂಡೀಪುರ, ನಾಗರಹೊಳೆ ಸುತ್ತಲಿನ ಪ್ರತಿ ರೆಸಾರ್ಟಿನಿಂದ ಹಾಸಿಗೆಗೆ, ರಾತ್ರಿಗೆ ಇಷ್ಟು ಎಂದು ನಿಗದಿ ಮಾಡಿ ವಸೂಲಿ ಮಾಡಲಿ. ಆ ಹಣ ಅಭಿವೃದ್ಧಿ ನಿಧಿ ಎಂಬ ಹೆಸರಿನಲ್ಲಿ ಕಚೇರಿಯೊಳಗೆ ಕೂರದೆ ಹಾಡಿಯ ಹೆಣ್ಣುಮಕ್ಕಳ ಖಾತೆಗೆ ತಿಂಗಳು ತಿಂಗಳೂ ಹೋಗಲಿ. ಯಾವ ಹಾಡಿಗೆ ಎಷ್ಟು ಹೋಯಿತೆಂದು, ರೇಷನ್ ಅಂಗಡಿಯ ಮುಂದೆ ದಾಸ್ತಾನಿನ ಬೋರ್ಡು ಇಡುವಂತೆ, ಪ್ರತಿ ರೆಸಾರ್ಟಿನ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ತೂಗುಹಾಕಲಿ.